ತೂಕದ ದಿನ

ತಿಂಗಳ ಮೊದಲ ಸೋಮವಾರ ತೊಲೆಗೆ ತಕ್ಕಡಿ ಕಟ್ಟುತ್ತೇನೆ.
ಮುಳ್ಳು ಸೊನ್ನೆಗೆ ಬರುವುದಿಲ್ಲ,
ಯಾರೂ ಕೂರದಿದ್ದರೂ ಇನ್ನೂರು ಗ್ರಾಂ ಮುಂದೆ ನಿಂತಿರುತ್ತದೆ.
ಹೊಸದು ಕೊಡಿ ಅಂತ ಬರೆದು ಮೂರು ವರ್ಷ.
ಅದಕ್ಕೇ ಪ್ರತಿ ಮಗುವಿನಿಂದ ಇನ್ನೂರು ಕಳೆದು ಬರೆಯುತ್ತೇನೆ.
ಇಲ್ಲದವರಿಂದ ಕಳೆಯುವ ಲೆಕ್ಕ
ಈ ಕೆಲಸದಲ್ಲಿ ಬೇಗ ಬರುತ್ತದೆ.

ಹೊರಗೆ ಮದ್ದೂರಿನ ರಸ್ತೆಯುದ್ದಕ್ಕೂ ಕಬ್ಬಿನ ಲಾರಿಗಳು,
ಫ್ಯಾಕ್ಟರಿ ಗೇಟಿನ ವೇಬ್ರಿಡ್ಜಿಗೆ ಸಾಲು.
ಅಲ್ಲಿ ಒಂದು ಮಣ ಹೆಚ್ಚುಕಮ್ಮಿಯಾದರೆ
ಕೂಗಾಟ, ಧರಣಿ, ತಹಸೀಲ್ದಾರರ ಜೀಪು.
ಇಲ್ಲಿ ಒಂದು ಮಗು ನಾಕು ಕೇಜಿ ಕಮ್ಮಿ.
ಜೀಪು ಬರಲಿಲ್ಲ.

ಆ ಮಗು ನನ್ನ ಪುಸ್ತಕದಲ್ಲಿಲ್ಲ, ಅದೇ ತೊಡಕು.
ಹಡಗಲಿ ಕಡೆಯ ತಾಂಡಾದಿಂದ ಕಬ್ಬು ಕಡಿಯಲು ಬಂದವರದು,
ಕಾಲುವೆ ಏರಿಯ ಮೇಲೆ ನೀಲಿ ಟಾರ್ಪಾಲಿನ ಒಂಬತ್ತು ಗುಡಿಸಲು.
ಬೆಳಗಿನ ಜಾವ ಕತ್ತಿ ಮಸೆಯುವ ಸದ್ದು ನಮ್ಮ ಮನೆಗೂ ಕೇಳುತ್ತದೆ.
ಅವ್ವಂದಿರು ಗದ್ದೆಯೊಳಗೆ,
ಮಕ್ಕಳು ತರಗಿನ ರಾಶಿಯ ನೆರಳಲ್ಲಿ,
ನೆರಳು ಸರಿದಂತೆ ಒಬ್ಬರನ್ನೊಬ್ಬರು ಎಳೆದುಕೊಂಡು.

ಸಕ್ರಿಬಾಯಿ ಬಾಗಿಲ ತನಕ ಬಂದು ನಿಂತಳು.
"ಅಕ್ಕಾರ, ಈಕಿನೂ ಒಂದ್ಸಲ ತೂಗ್ರಿ."
ತೂಗಿದೆ. ಸೋಮ್ಲಿ. ಎರಡು ವರ್ಷ ನಾಕು ತಿಂಗಳು.
ಏಳು ಕೇಜಿ ಎಂಟುನೂರು.
ಕಳೆದರೆ, ಏಳು ಆರುನೂರು.
ಹಸಿರು ದಾಟಿ, ಹಳದಿ ದಾಟಿ, ಕೆಂಪಿನಲ್ಲೂ ಕೆಳಗೆ
ನನ್ನ ಚುಕ್ಕಿ ಬಿತ್ತು.

ಮೇಡಂಗೆ ಫೋನು ಮಾಡಿದೆ.
ತಾಯಿ ಕಾರ್ಡು? ಊರಲ್ಲಿದೆಯಂತೆ.
ಆಧಾರು ಇಲ್ಲಿನ ವಿಳಾಸಕ್ಕಿದೆಯಾ?
ಕಾಲುವೆ ಏರಿಗೆ ಮನೆ ನಂಬರು ಇಲ್ಲ ಮೇಡಂ.
"ಆ್ಯಪ್ ತಗೊಳ್ಳಲ್ಲ ಚಿಕ್ಕತಾಯಮ್ಮ,
ತಲೆ ಕೆಡಿಸ್ಕೋಬೇಡಿ, ಯುಗಾದಿಗೆ ಹೊರಟೋಗ್ತಾರೆ ಅವರು."

ಹೋಗುತ್ತಾರೆ, ನಿಜ.
ಯುಗಾದಿ ತನಕ ಮೂಳೆಗೆ ಕಾಯಿ ಅಂತ ಹೇಳಲಾ?

ನಾನು ಒಂದನೇ ಕ್ಲಾಸಿಗೆ ಹೋದದ್ದು ಅಕ್ಷರಕ್ಕಲ್ಲ,
ಹಂಡೆಯಲ್ಲಿ ಬೇಯುತ್ತಿದ್ದ ಹಳದಿ ಉಪ್ಪಿಟ್ಟಿಗೆ.
ಅಪ್ಪನ ವಿಳಾಸ ಯಾರೂ ಕೇಳಲಿಲ್ಲ.
ತಟ್ಟೆ ಇದೆಯಾ ಅಂದರು.
ಅದೂ ಇರಲಿಲ್ಲ, ಮುತ್ತುಗದ ಎಲೆ ಹಿಡಿದೆ.
ಅಕ್ಷರ ಆಮೇಲೆ ಬಂತು,
ಹೊಟ್ಟೆಯ ಹಿಂದೆ ಹಿಂದೆ, ಕರುವಿನ ಹಾಗೆ.

ಇವತ್ತು ಮೊಟ್ಟೆ. ಇಪ್ಪತ್ತೆರಡು ಬೇಯಿಸಿದ್ದು, ಇಪ್ಪತ್ತಮೂರು ಬಾಯಿ.
ನಿಂಗರಾಜಮ್ಮ ಏನೂ ಕೇಳದೆ ದಾರದಲ್ಲಿ ಕುಯ್ದಳು,
ಅಲ್ಲೊಂದು ಚೂರು ಇಲ್ಲೊಂದು ಚೂರು.
ಸೋಮ್ಲಿ ಹಳದಿಯನ್ನು ಮೊದಲು ಮೂಸಿ ನೋಡಿದಳು.

ಮಾರನೆಯ ದಿನ ಬಾಗಿಲಲ್ಲಿ ನಾಕು ಮಕ್ಕಳು.
ಅದರ ಮಾರನೆಯ ದಿನ ಏಳು.
ನಿಂಗರಾಜಮ್ಮನ ದಾರ ಎಷ್ಟು ಸಣ್ಣಗೆ ಕುಯ್ದೀತು?
ಮರುಕ ಒಂದು ಮೊಟ್ಟೆಯಷ್ಟು. ಒಳ್ಳೆಯದೇ, ಬೇಡವೆನ್ನುವುದಿಲ್ಲ.
ಆದರೆ ಏಳನೆಯ ಮಗುವಿಗೆ ಬೇಕಾದ್ದು ನನ್ನ ಮರುಕವಲ್ಲ,
ಇಂಡೆಂಟಿನಲ್ಲಿ ಒಂದು ಸಾಲು.

ಗ್ರಾಮಸಭೆಯಲ್ಲಿ ಎದ್ದು ಹೇಳಿದೆ.
ಕಾಲು ನಡುಗಿತು, ಹೇಳಿದೆ:
ಎಲ್ಲಿಯ ಮಗುವೋ ಅಲ್ಲೇ ಉಣ್ಣಬೇಕು,
ಕಾರ್ಡು ಹಿಂದಿನಿಂದ ನಡೆದು ಬರಲಿ.
"ನಮ್ಮೂರ ಮಕ್ಕಳಿಗೇ ಸಾಲಲ್ವಲ್ಲಮ್ಮ," ಅಂದರು ಜವರೇಗೌಡರು.
ನಿಮ್ಮ ಮೂರು ಎಕರೆ ಕಡಿದದ್ದು ಇವಳವ್ವನೇ ಯಜಮಾನ್ರೆ.
ಅವರು ಟವೆಲ್ಲನ್ನು ಈ ಹೆಗಲಿಂದ ಆ ಹೆಗಲಿಗೆ ಹಾಕಿಕೊಂಡರು.
ಹಿಂದಿನ ಸಾಲಿನಿಂದ ಯಾರೋ ಮುದುಕಿ,
"ಬರ್ಕೊಳ್ಳವ್ವ, ಮೊಗ ಅಂದ್ಮೇಲೆ ಮೊಗ."
ಪಿಡಿಓ ನಡಾವಳಿಯಲ್ಲಿ ಬರೆದರು: ಚರ್ಚಿಸಲಾಯಿತು.

ಹಾಜರಿ ಪುಸ್ತಕದ ಕೊನೆಯ ಪುಟ, ಗೆರೆಯಿಲ್ಲದ್ದು,
ಅಲ್ಲಿ ಏಳು ಹೆಸರು ಬರೆದಿದ್ದೇನೆ ಸೀಸದ ಕಡ್ಡಿಯಲ್ಲಿ.
ಮಾನ್ಯರೇ, ನಾನು ಕೇಳುವುದು
ಪೆನ್ನಲ್ಲಿ ಬರೆಯುವ ಅಪ್ಪಣೆ.

ಪತ್ರ ಇಲ್ಲಿಗೆ ನಿಲ್ಲಿಸುತ್ತೇನೆ.
ಸೋಮ್ಲಿ ನನ್ನ ರಬ್ಬರು ಬಾಯಿಗಿಟ್ಟುಕೊಂಡು
ಅಗಿಯುತ್ತಿದ್ದಾಳೆ.